ಪೆಟ್ಟಿಗೆ ತುಂಬ ಬ್ರೇಕಪ್: ಹದಿಹರೆಯದ ಕಾದಂಬರಿಯೊಂದನ್ನ ಮೂವತ್ತು ದಾಟಿದ ಮೇಲೆ ಓದೋದು

(ನಮ್ಮ ಚಾನೆಲ್‌ನಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನ ಧಾಟಿಯನ್ನ ಹಾಗೇ ಉಳಿಸಿಕೊಂಡಿದ್ದೀನಿ. ಉದ್ದ ಆದ ಕಡೆ ಮಾತ್ರ ಸ್ವಲ್ಪ ಕತ್ತರಿಸಿದ್ದೀನಿ.)



ಇವತ್ತು ನಾನು ಮಾತಾಡೋದು ಒಂದು ಹದಿಹರೆಯದ ಕಾದಂಬರಿ ಬಗ್ಗೆ. ಪುಸ್ತಕದಂಗಡಿಯಲ್ಲಿ 'ಯಂಗ್ ಅಡಲ್ಟ್' ಅಂತ ಬೋರ್ಡ್ ಹಾಕಿರೋ ಕಪಾಟು ಇರುತ್ತಲ್ಲ, ನಮ್ಮಂಥವರು ಮಕ್ಕಳ ಕೈ ಹಿಡ್ಕೊಂಡು ಬೇಗ ಬೇಗ ದಾಟಿ ಹೋಗೋ ಕಪಾಟು, ಅಲ್ಲಿಯ ಪುಸ್ತಕ. ವಿಷಯ ಒಬ್ಬ ಹೈಸ್ಕೂಲ್ ಹುಡುಗಿಯ ಬ್ರೇಕಪ್. ಇಎಂಐ ಕಟ್ಟೋ ವಯಸ್ಸಲ್ಲಿ ಇದೆಲ್ಲ ಯಾಕಪ್ಪಾ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪುಸ್ತಕದ ಕತೆ ಮುಗಿಸಿ ಆ ಪ್ರಶ್ನೆಗೆ ಬರ್ತೀನಿ.

ಪುಸ್ತಕದ ಹೆಸರು 'ವೈ ವಿ ಬ್ರೋಕ್ ಅಪ್'. 'ನಾವು ಯಾಕೆ ಬೇರೆಯಾದ್ವಿ' ಅಂತ ಅರ್ಥ ಮಾಡ್ಕೋಬಹುದು. 2011ರಲ್ಲಿ ಬಂತು. ಬರೆದೋರು ಅಮೆರಿಕದ ಡೇನಿಯಲ್ ಹ್ಯಾಂಡ್ಲರ್. ಈ ಹೆಸರು ಗೊತ್ತಿಲ್ಲದಿದ್ರೂ ಅವರ ಇನ್ನೊಂದು ಹೆಸರು ನಿಮಗೆ ಗೊತ್ತಿರಬಹುದು, ಲೆಮನಿ ಸ್ನಿಕೆಟ್. 'ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್' ಅಂತ 13 ಪುಸ್ತಕಗಳ ಮಕ್ಕಳ ಸರಣಿ ಇದೆಯಲ್ಲ, ಅದು ಆ ಹೆಸರಲ್ಲಿ ಬಂದಿದ್ದು. ಈ ಕಾದಂಬರಿಗೆ ಚಿತ್ರ ಬರೆದೋರು ಮೈರಾ ಕಾಲ್ಮನ್, 'ದಿ ನ್ಯೂಯಾರ್ಕರ್' ಪತ್ರಿಕೆಯ ಮುಖಪುಟಗಳನ್ನ ಬರೆದ ಕಲಾವಿದೆ. ಅಮೆರಿಕದ ಗ್ರಂಥಾಲಯ ಸಂಘದೋರು ಹದಿಹರೆಯದ ಸಾಹಿತ್ಯಕ್ಕೆ ಅಂತಲೇ ಕೊಡೋ ಪ್ರಿಂಟ್ಜ್ ಪ್ರಶಸ್ತಿ ಇದೆ. 2012ರಲ್ಲಿ ಅದರ ಗೌರವ ಪಟ್ಟಿಯಲ್ಲಿ ಈ ಪುಸ್ತಕ ಇತ್ತು.

ಕತೆ ತುಂಬಾ ಸರಳ. ಹುಡುಗಿ ಹೆಸರು ಮಿನ್ ಗ್ರೀನ್. ಪೂರ್ತಿ ಹೆಸರು ಮಿನರ್ವಾ. ಅದು ರೋಮನ್ನರ ವಿದ್ಯಾದೇವತೆಯ ಹೆಸರು, ನಮ್ಮಲ್ಲಿ ಶಾರದಾ ಅಂತ ಇಟ್ಟ ಹಾಗೆ. ಹಳೇ ಸಿನಿಮಾ ಅಂದ್ರೆ ಪ್ರಾಣ, ಮುಂದೆ ನಿರ್ದೇಶಕಿ ಆಗ್ಬೇಕು ಅಂತ ಆಸೆ. ಹುಡುಗ ಎಡ್ ಸ್ಲೇಟರ್ಟನ್, ಶಾಲೆಯ ಬಾಸ್ಕೆಟ್‌ಬಾಲ್ ತಂಡದ ಜೊತೆ-ಕ್ಯಾಪ್ಟನ್, ಕಾರಿಡಾರಲ್ಲಿ ನಡೆದ್ರೆ ಎಲ್ಲರೂ ತಿರುಗಿ ನೋಡೋ ಥರದವನು. ಇಬ್ಬರೂ ಪ್ರೀತಿಸ್ತಾರೆ, ಐದಾರು ವಾರಕ್ಕೆ ಮುಗಿದುಹೋಗುತ್ತೆ. ಅಷ್ಟೇ ಕತೆ. ಕೊನೆ ಏನು ಅಂತ ಪುಸ್ತಕದ ಹೆಸರೇ ಹೇಳುತ್ತೆ, ಹಾಗಾಗಿ ನಾನು ಗುಟ್ಟು ಬಿಟ್ಟುಕೊಟ್ಟೆ ಅಂತ ಯಾರೂ ಬೈಯೋ ಹಾಗಿಲ್ಲ.

ಇದನ್ನ ಹೇಳಿರೋ ರೀತಿ ಮಾತ್ರ ಬೇರೆ. ಮಿನ್ ಒಂದು ಪೆಟ್ಟಿಗೆ ತಗೊಂಡಿದ್ದಾಳೆ. ಆ ಐದಾರು ವಾರದಲ್ಲಿ ಕೂಡಿಟ್ಟ ಸಣ್ಣಪುಟ್ಟ ಸಾಮಾನೆಲ್ಲ ಅದರೊಳಗಿದೆ. ಬಿಯರ್ ಬಾಟಲಿಯ ಮುಚ್ಚಳ, ಸಿನಿಮಾ ಟಿಕೆಟ್ಟಿನ ಅರ್ಧ, ಬೆಂಕಿಪೊಟ್ಟಣ, ಒಂದು ರಬ್ಬರ್ ಬ್ಯಾಂಡ್, ಆಟದ ಲಾರಿ, ಜಾಮಿಟ್ರಿ ಬಾಕ್ಸಿನ ಕೋನಮಾಪಕ, ಬೇಯಿಸಿದ ಮೊಟ್ಟೆಯನ್ನ ಚೌಕ ಮಾಡೋ ಒಂದು ವಿಚಿತ್ರ ಉಪಕರಣ. ಈ ಪೆಟ್ಟಿಗೆಯನ್ನ ಎಡ್‌ನ ಮನೆ ಬಾಗಿಲಲ್ಲಿ ಇಟ್ಟು ಬರೋದು ಅವಳ ಪ್ಲ್ಯಾನು. ಜೊತೆಗೆ ಒಂದು ಪತ್ರ. ಆ ಪತ್ರವೇ ಈ ಕಾದಂಬರಿ. ಪ್ರತಿ ಅಧ್ಯಾಯದ ಶುರುವಲ್ಲಿ ಒಂದು ವಸ್ತುವಿನ ಚಿತ್ರ, ಆಮೇಲೆ ಆ ವಸ್ತು ಎಲ್ಲಿಂದ ಬಂತು ಅನ್ನೋ ಕತೆ, ಮತ್ತೆ ಮತ್ತೆ ಬರೋ ಒಂದೇ ಮಾತು: ಇದಕ್ಕೇ ನೋಡು ನಾವು ಬೇರೆಯಾಗಿದ್ದು.

ಇಡೀ ಪುಸ್ತಕ 'ನೀನು' ಅಂತ ಎಡ್‌ಗೆ ಹೇಳೋ ಮಾತು. ಎಡ್ ಒಂದೇ ಒಂದು ಸಾಲು ಉತ್ತರ ಬರೆಯೋದಿಲ್ಲ. ಓದ್ತಾ ಓದ್ತಾ ಆ 'ನೀನು' ನಾವೇ ಆಗಿಬಿಡ್ತೀವಿ. ಯಾರದೋ ಬೈಗುಳ ನಮ್ಮ ಮನೆ ಬಾಗಿಲಿಗೆ ಬಂದ ಹಾಗೆ.

ಇಲ್ಲದ ಸಿನಿಮಾಗಳು

ಒಂದು ತಮಾಷೆ ಹೇಳ್ತೀನಿ. ಮಿನ್ ಮತ್ತು ಎಡ್ ಮೊದಲ ಸಲ ಜೊತೆಗೆ ನೋಡೋ ಸಿನಿಮಾ 'ಗ್ರೇಟಾ ಇನ್ ದ ವೈಲ್ಡ್'. ಥಿಯೇಟರಲ್ಲಿ ಒಬ್ಬ ಅಜ್ಜಿ ಕೂತಿರ್ತಾರೆ. ಈ ಸಿನಿಮಾದ ನಾಯಕಿ ಲಾಟಿ ಕಾರ್ಸನ್ ಇವರೇ ಇರಬೇಕು ಅಂತ ಮಿನ್‌ಗೆ ಅನ್ಸುತ್ತೆ. ಇಬ್ಬರೂ ಆ ಅಜ್ಜಿಯನ್ನ ಊರ ತುಂಬ ಹಿಂಬಾಲಿಸ್ತಾರೆ. ಅವರ 89ನೇ ಹುಟ್ಟುಹಬ್ಬಕ್ಕೆ ದೊಡ್ಡ ಪಾರ್ಟಿ ಮಾಡ್ಬೇಕು ಅಂತ ಯೋಜನೆ ಹಾಕ್ತಾರೆ. ಆ ಮೊಟ್ಟೆ ಚೌಕ ಮಾಡೋ ಸಾಮಾನು ಬಂದಿದ್ದೂ ಆ ಪಾರ್ಟಿಯ ಅಡುಗೆಗೇ.

ನಮ್ಮ ಅಭ್ಯಾಸ ನಿಮಗೆ ಗೊತ್ತಲ್ಲ, ಹೆಸರು ಕಂಡ ತಕ್ಷಣ ಗೂಗಲ್. ಹುಡುಕಿದ್ರೆ ಆ ಸಿನಿಮಾ ಇಲ್ಲ, ಆ ನಟಿಯೂ ಇಲ್ಲ. ಪುಸ್ತಕದಲ್ಲಿ ಬರೋ ಸಿನಿಮಾಗಳು, ನಟರು, ನಿರ್ದೇಶಕರು ಎಲ್ಲ ಕಟ್ಟುಕತೆ. ಮೊದಲು ನನಗೆ ಸ್ವಲ್ಪ ಕಿರಿಕಿರಿ ಆಯ್ತು. ಆಮೇಲೆ ಯೋಚನೆ ಮಾಡಿದ್ರೆ ಇದರಿಂದ ನಮ್ಮಂಥವರಿಗೆ ಒಂದು ಉಪಕಾರ ಆಗಿದೆ. ಅಮೆರಿಕದ ಕಾದಂಬರಿ ಓದುವಾಗ ಅವರ ಹಾಡು, ಅವರ ಟಿವಿ ಶೋ, ಅವರ ಬ್ರ್ಯಾಂಡು ಗೊತ್ತಿಲ್ಲದೆ ಕಿಟಕಿ ಹೊರಗೆ ನಿಂತು ಇಣುಕಿ ನೋಡಿದ ಹಾಗಿರುತ್ತೆ. ಹೊಸ ಊರಿನ ಆಫೀಸಲ್ಲಿ ಊಟದ ಟೇಬಲ್ಲಿಗೆ ಹೋದಾಗ ಎಲ್ಲರೂ ಅವರವರ ಭಾಷೆಯ ಹಳೇ ಸಿನಿಮಾ ಡೈಲಾಗ್ ಹೇಳಿ ನಗ್ತಿರ್ತಾರಲ್ಲ, ನಾವು ಸುಮ್ನೆ ಹಲ್ಲು ಬಿಡ್ತೀವಲ್ಲ, ಅದೇ. ಇಲ್ಲಿ ಆ ಸಮಸ್ಯೆ ಇಲ್ಲ. ನ್ಯೂಯಾರ್ಕಿನ ಓದುಗನಿಗೂ ಆ ಸಿನಿಮಾಗಳು ಗೊತ್ತಿಲ್ಲ, ದಾವಣಗೆರೆಯಲ್ಲಿ ಹುಟ್ಟಿ ಪುಣೆಯಲ್ಲಿ ಕೂತ ನನಗೂ ಗೊತ್ತಿಲ್ಲ. ಅವು ಪೂರ್ತಿ ಗೊತ್ತಿರೋದು ಮಿನ್‌ಗೆ ಮಾತ್ರ. ಹದಿನಾರರ ವಯಸ್ಸು ಇರೋದೂ ಹಾಗೇ ಅಲ್ವಾ? ತಲೆಯೊಳಗೆ ಒಂದು ದೊಡ್ಡ ಲೋಕ, ಆ ಲೋಕದ ಭಾಷೆ ಇನ್ನೊಬ್ಬರಿಗೆ ಬರಲ್ಲ. ಯಾರೋ ಒಬ್ಬರು ಬಂದು 'ಆ ಸಿನಿಮಾ ನಾನೂ ನೋಡ್ತೀನಿ' ಅಂದ್ರೆ ಸಾಕು, ಬಿದ್ದುಹೋಗ್ತೀವಿ.

ಇದೊಂದು ಆರ್‌ಸಿಎ

ನಮ್ಮ ಕೆಲಸದಲ್ಲಿ ರಾತ್ರಿ ಪ್ರೊಡಕ್ಷನ್ ಬಿದ್ದರೆ ಬೆಳಿಗ್ಗೆ ಕೂತು ಆರ್‌ಸಿಎ ಬರೀತೀವಿ. ಏನು ಕೆಟ್ಟಿತು, ಯಾವಾಗ ಕೆಟ್ಟಿತು, ಮೂಲ ಕಾರಣ ಏನು. ಅದರಲ್ಲಿ 'ಐದು ಯಾಕೆ' ಅಂತ ಒಂದು ಪದ್ಧತಿ ಇದೆ, ಟೊಯೋಟಾ ಕಾರ್ಖಾನೆಯಿಂದ ಬಂದಿದ್ದು. ಒಂದು ಉತ್ತರ ಸಿಕ್ಕ ಮೇಲೆ ಅದಕ್ಕೂ 'ಯಾಕೆ' ಅಂತ ಕೇಳ್ತಾ ಕೆಳಗೆ ಕೆಳಗೆ ಇಳಿಯೋದು. ಮಿನ್‌ನ ಪತ್ರ ಓದುವಾಗ ನನಗೆ ಹಾಗೇ ಅನ್ನಿಸ್ತು. ಒಂದೊಂದು ಸಾಮಾನೂ ಒಂದೊಂದು ಲಾಗ್ ಎಂಟ್ರಿ.

ಮೇಲ್ಮೈ ಕಾರಣ ಕೊನೆಗೆ ಗೊತ್ತಾಗುತ್ತೆ. ಎಡ್ ತನ್ನ ಹಳೇ ಗೆಳತಿ ಆನೆಟ್ ಜೊತೆಗಿನ ಸಂಬಂಧ ಬಿಟ್ಟಿರಲ್ಲ. ಮೋಸ. ಸಾಮಾನ್ಯ ಕತೆ ಆಗಿದ್ರೆ ಅಲ್ಲಿಗೆ ಟಿಕೆಟ್ ಕ್ಲೋಸ್ ಆಗ್ತಿತ್ತು. ಆದರೆ ಮಿನ್ ಪೆಟ್ಟಿಗೆಯ ತಳದಿಂದ ಶುರು ಮಾಡ್ತಾಳೆ, ಮೊದಲ ದಿನದ ಬಾಟಲಿ ಮುಚ್ಚಳದಿಂದ. ಅವತ್ತೇ ಎಡ್ ಮತ್ತು ಅವನ ಗೆಳೆಯರು ಅವಳನ್ನ 'ನೀನು ಬೇರೆ ಥರ' ಅಂದಿರ್ತಾರೆ, 'ಕಲಾತ್ಮಕ' ಅಂತ ಹಣೆಪಟ್ಟಿ ಹಚ್ಚಿರ್ತಾರೆ. ಕೇಳೋಕೆ ಹೊಗಳಿಕೆ. ಅವಳಿಗೂ ಒಳಗೊಳಗೇ ಖುಷಿ. ಆದರೆ ಬೇರೆ ಥರ ಅಂದ್ರೆ ಏನು? ನಮ್ಮ ಥರ ಅಲ್ಲ ಅಂತ. ಪ್ರೀತಿ ಶುರುವಾದ ಜಾಗದಲ್ಲೇ ಅವಳನ್ನ ಬಾಗಿಲ ಹೊರಗೆ ನಿಲ್ಲಿಸಿದ್ರು. ಕೊನೇ ವಾರದ ಮೋಸಕ್ಕೆ ಬೀಜ ಮೊದಲ ರಾತ್ರಿಯ ಹೊಗಳಿಕೆಯಲ್ಲಿ ಇತ್ತು.

ಆದ್ರೆ ಆರ್‌ಸಿಎಗೂ ಈ ಪತ್ರಕ್ಕೂ ಒಂದು ವ್ಯತ್ಯಾಸ ಇದೆ, ನನಗೆ ಬಹಳ ಇಷ್ಟ ಆಗಿದ್ದು ಅದೇ. ನಮ್ಮ ವರದಿಯಲ್ಲಿ ತಪ್ಪಾದ ಸಾಲುಗಳನ್ನ ಮಾತ್ರ ಎತ್ತಿ ಹಾಕ್ತೀವಿ. ಮಿನ್ ಒಳ್ಳೇದನ್ನೂ ಪೆಟ್ಟಿಗೆಗೆ ಹಾಕ್ತಾಳೆ. ಆ ಕೋನಮಾಪಕ ಇದೆಯಲ್ಲ, ಅದು ಎಡ್‌ಗೆ ಗಣಿತ ಅಂದ್ರೆ ಎಷ್ಟು ಇಷ್ಟ ಅನ್ನೋದರ ಗುರುತು. ತಂಡದ ಹುಡುಗರ ಮುಂದೆ ಅವನು ತೋರಿಸಿಕೊಳ್ಳದ ಮುಖ ಅದು. ರಾತ್ರಿ ತಡವಾಗಿ ಫೋನಲ್ಲಿ ಮಾತಾಡೋ ಎಡ್ ಬೇರೆ, ಬೆಳಿಗ್ಗೆ ಕಾರಿಡಾರಲ್ಲಿ ಕಾಣೋ ಎಡ್ ಬೇರೆ. ಅವನು ನಿಜವಾಗಿ ಒಳ್ಳೆಯವನಾಗಿದ್ದ ಗಂಟೆಗಳೂ ಇದ್ದವು. ಆ ಗಂಟೆಗಳ ಕತೆ ಹೇಳುವಾಗಲೂ ಮಿನ್‌ದು ಅದೇ ಮಾತು, ಇದಕ್ಕೇ ನಾವು ಬೇರೆಯಾಗಿದ್ದು. ತರ್ಕ ಕೂಡಲ್ಲ. ಒಳ್ಳೇ ನೆನಪು ಹೇಗೆ ಬೇರೆಯಾಗೋಕೆ ಕಾರಣ ಆಗುತ್ತೆ? ಪ್ರೀತಿಸಿ ಕಳ್ಕೊಂಡೋರಿಗೆ ಮಾತ್ರ ಇದು ಕೂಡುತ್ತೆ. ನೋವು ಕೊಡೋದು ಅವನ ಕೆಟ್ಟತನ ಒಂದೇ ಆಗಿದ್ರೆ ಎರಡು ದಿನ ಬೈದು ಮರೀಬಹುದಿತ್ತು. ಆ ಕೋನಮಾಪಕವನ್ನ ಏನು ಮಾಡೋದು?

ಗಾಡಿ ಓಡಿಸೋ ಗೆಳೆಯ

ಈಗ ಸ್ನೇಹದ ವಿಷಯಕ್ಕೆ ಬರೋಣ. ಈ ಪುಸ್ತಕವನ್ನ ಎಲ್ಲರೂ ಬ್ರೇಕಪ್ ಕಾದಂಬರಿ ಅಂತಾರೆ. ನನ್ನ ಓದಲ್ಲಿ ಇದರ ನಡುಮನೆ ಇನ್ನೊಂದು ಕಡೆ ಇದೆ. ಮಿನ್‌ಗೆ ಒಬ್ಬ ಆಪ್ತ ಗೆಳೆಯ ಇದ್ದಾನೆ, ಆಲ್. ಅಮೆರಿಕದಲ್ಲಿ ಹದಿನಾರನೇ ಹುಟ್ಟುಹಬ್ಬವನ್ನ 'ಸ್ವೀಟ್ ಸಿಕ್ಸ್‌ಟೀನ್' ಅಂತ ಆಚರಿಸ್ತಾರಲ್ಲ, ಆಲ್ ಅದನ್ನ ಗೇಲಿ ಮಾಡಿ 'ಬಿಟರ್ ಸಿಕ್ಸ್‌ಟೀನ್' ಪಾರ್ಟಿ ಮಾಡ್ತಾನೆ, ಎಲ್ಲ ತಿಂಡಿ-ಪಾನೀಯ ಕಹಿ ಕಹಿ. ಆ ಪಾರ್ಟಿಗೆ ಕರೆಯದೇ ಬಂದವನು ಎಡ್. ಅಂದ್ರೆ ಪ್ರೀತಿ ಶುರುವಾಗಿದ್ದೇ ಗೆಳೆಯನ ಮನೆಯಲ್ಲಿ, ಗೆಳೆಯನ ಹುಟ್ಟುಹಬ್ಬದ ದಿನ.

ಆಮೇಲೆ ನಿಧಾನಕ್ಕೆ ಏನಾಗುತ್ತೆ ನೋಡಿ. ಮಿನ್ ಎಡ್‌ನ ಪ್ರ್ಯಾಕ್ಟೀಸ್ ನೋಡೋಕೆ ಹೋಗಿ ಕೂರ್ತಾಳೆ. ಮೊದಲು ಆಲ್ ಜೊತೆ ಕಾಫಿ ಕುಡೀತಿದ್ದ ಹೊತ್ತು ಅದಕ್ಕೆ ಹೋಗುತ್ತೆ. ಎಡ್ ಬಗ್ಗೆ ನಿನಗೇನು ಅನ್ಸುತ್ತೆ ಅಂತ ಆಲ್‌ನ ಕೇಳಿದ್ರೆ ಅವನು ನಂಗೇನೂ ಅನ್ಸಲ್ಲ ಅನ್ನೋ ಥರ ಜಾರ್ಕೋತಾನೆ. ಅವಳಿಗೆ ಕೋಪ. ಗೆಳೆಯ ಆದವನಿಗೆ ಒಂದು ಅಭಿಪ್ರಾಯ ಕೂಡ ಇರಬಾರದಾ ಅಂತ. ಅವನ ಮೌನಕ್ಕೆ ಬೇರೇನೇ ಕಾರಣ ಇದೆ, ಅದು ನಮಗೆ ಅವಳಿಗಿಂತ ಮುಂಚೆ ಗೊತ್ತಾಗುತ್ತೆ. ಅದರ ಮುಂದಿನ ಕತೆ ನೀವೇ ಓದಿ.

ನಾನು ಹೇಳಬೇಕಾಗಿದ್ದು ಇಷ್ಟು. ಆ ಪತ್ರವನ್ನ ಮಿನ್ ಬರೀವಾಗ ಎಡ್‌ನ ಮನೆಗೆ ಪೆಟ್ಟಿಗೆ ಹೊತ್ತ ಗಾಡಿ ಯಾರದ್ದು? ಆಲ್‌ನ ಅಪ್ಪನ ಅಂಗಡಿಯ ಟ್ರಕ್ಕು. ಓಡಿಸ್ತಿರೋದು ಆಲ್. 350 ಪುಟ ಅವಳು ಇನ್ನೊಬ್ಬನಿಗೆ 'ನೀನು, ನೀನು' ಅಂತ ಬರೀತಾಳೆ. ಅದರ ಉದ್ದಕ್ಕೂ ಗೆಳೆತನ ಸ್ಟೀರಿಂಗ್ ಹಿಡಿದು ಸುಮ್ನೆ ಪಕ್ಕದಲ್ಲಿ ಕೂತಿದೆ. ಆಲ್ ನಾನು ಮೊದಲೇ ಹೇಳಿದ್ದೆ ಅನ್ನಲ್ಲ. ಬೇಗ ಮುಗಿಸು ಅನ್ನಲ್ಲ. ಅಂಥ ಹುಡುಗನಿಗೆ ಇಷ್ಟೆಲ್ಲ ಯಾಕೆ ಅಳ್ತೀಯ ಅಂತಲೂ ಅನ್ನಲ್ಲ.

ಪ್ರೇಮ ಮುರಿದ್ರೆ ನಮಗೆ ಬ್ರೇಕಪ್ ಅಂತ ಒಂದು ಪದ ಇದೆ, ಸಾಲ ತಂದಿದ್ದಾದ್ರೂ. ಗೆಳೆತನ ಮುರಿದ್ರೆ ಏನಂತೀವಿ? 'ಈಗ ಟಚ್‌ನಲ್ಲಿಲ್ಲ ಕಣೋ' ಅಂತೀವಿ. ಕೆಲಸಕ್ಕೆ ಅಂತ ಊರು ಬಿಟ್ಟ ನಮ್ಮಂಥವರ ಬಾಯಲ್ಲಿ ಎಷ್ಟು ಸಲ ಬರೋ ಮಾತಿದು! ಹಾಸ್ಟೆಲ್ ರೂಮಲ್ಲಿ ಗೇಟ್ ಪರೀಕ್ಷೆಗೆ ಜೊತೆಗೆ ಓದಿದವರು, ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರು ವಾಟ್ಸಾಪ್ ಗುಂಪಲ್ಲಿ ಬರೀ ಹಬ್ಬದ ಶುಭಾಶಯ ಆಗಿಬಿಟ್ಟಿದ್ದಾರೆ. ಜಗಳ ಆಗಿಲ್ಲ, ಮೋಸ ಆಗಿಲ್ಲ. ಪತ್ರ ಬರೆಯೋಕೆ ಒಂದು ಕಾರಣ ಕೂಡ ಇಲ್ಲ. ಈ ಕಾದಂಬರಿ ಓದಿದ ಮೇಲೆ ನನ್ನ ಕಣ್ಣಿಗೆ ಬಿದ್ದಿದ್ದು ಇದು: ಪ್ರೀತಿ ಹೋದಾಗ ಸದ್ದಾಗುತ್ತೆ. ಗೆಳೆತನ ಹೋದಾಗ ಬ್ಯಾಟರಿ ಇಳಿದ ಹಾಗೆ, ಫೋನು ಆಫ್ ಆದ ಮೇಲೇ ಗೊತ್ತಾಗೋದು.

ಆ ಒಂದು ಉದ್ದ ವಾಕ್ಯ

ಪುಸ್ತಕದ ಕೊನೆ ಹತ್ತಿರ ಒಂದು ಭಾಗ ಇದೆ. ನಿಜ ಗೊತ್ತಾದ ಮೇಲೆ ಮಿನ್ ತನ್ನನ್ನ ತಾನೇ ಹರಿದು ಹಾಕ್ತಾಳೆ. ಉಸಿರು ತಗೊಳ್ಳದೆ ಸಾಗೋ ಮಾತು. ನಾನು ಬೇರೆ ಥರ ಅಲ್ಲ, ಕಲಾತ್ಮಕ ಅಲ್ಲ, ಜಾಣೆ ಅಲ್ಲ, ಚಂದ ಇಲ್ಲ, ನನ್ನಲ್ಲಿ ಏನೂ ಇಲ್ಲ, ಅಂತ ಒಂದೊಂದನ್ನೇ ಕಿತ್ತು ಬಿಸಾಡ್ತಾಳೆ. ಹೊಗಳಿದ ಪದಗಳನ್ನೆಲ್ಲ ವಾಪಸ್ ಕೊಡ್ತಾಳೆ, ಅವುಗಳ ಜೊತೆ ತನ್ನ ಚರ್ಮವನ್ನೂ.

ಹದಿಹರೆಯದ ಹೃದಯಭಂಗದ ಬಗ್ಗೆ ಇಷ್ಟು ನಿಖರವಾಗಿ ಬರೆದಿದ್ದನ್ನ ನಾನು ಬೇರೆಲ್ಲೂ ಓದಿಲ್ಲ. ದೊಡ್ಡವರ ಬ್ರೇಕಪ್‌ನಲ್ಲಿ ಒಬ್ಬ ಮನುಷ್ಯ ಹೋಗ್ತಾನೆ. ನಮಗೆ ಕೆಲಸ ಇರುತ್ತೆ, ಮನೆ ಬಾಡಿಗೆ ಇರುತ್ತೆ, ನಾನು ಇಂಥವನು ಅನ್ನೋ ಒಂದು ಗಟ್ಟಿ ನೆಲ ಇರುತ್ತೆ. ಹದಿನಾರರಲ್ಲಿ ಆ ನೆಲ ಇನ್ನೂ ಹಸಿ ಸಿಮೆಂಟು. ನಾನು ಯಾರು ಅನ್ನೋದು ಅವನ ಕಣ್ಣಲ್ಲಿ ಕಂಡಿದ್ದಷ್ಟೇ. ಅವನು ಹೋದ್ರೆ ಅದೂ ಹೋಯ್ತು. ನಾವು ದೊಡ್ಡವರು 'ಇದೆಲ್ಲ ವಯಸ್ಸಿನ ಆಟ, ಎರಡು ತಿಂಗಳಲ್ಲಿ ಸರಿಹೋಗುತ್ತೆ' ಅಂತೀವಲ್ಲ, ಅದು ನಿಜವೇ ಇರಬಹುದು. ಆದರೆ ಆ ಎರಡು ತಿಂಗಳು ನಿಲ್ಲೋಕೆ ಅವರಿಗೆ ನೆಲ ಇಲ್ಲ ಅನ್ನೋದು ನಮಗೆ ಮರೆತುಹೋಗಿರುತ್ತೆ. ಮೂವತ್ತು ದಾಟಿದೋರು ಇಂಥ ಪುಸ್ತಕ ಯಾಕೆ ಓದ್ಬೇಕು ಅನ್ನೋ ಪ್ರಶ್ನೆಗೆ ನನ್ನ ಮೊದಲ ಉತ್ತರ ಇದು. ಮರೆತಿದ್ದನ್ನ ಒಳಗಿಂದ ನೆನಪಿಸುತ್ತೆ.

ಈ ಜಾತಿಯ ಕಾದಂಬರಿಯ ಶಕ್ತಿಯೇ ಅಲ್ಲಿದೆ. ಎಸ್. ಇ. ಹಿಂಟನ್ ಅನ್ನೋ ಹುಡುಗಿ 'ದಿ ಔಟ್‌ಸೈಡರ್ಸ್' ಪ್ರಕಟಿಸಿದ್ದು 1967ರಲ್ಲಿ, ಆಗ ಅವಳಿಗೆ 18 ವರ್ಷ. ಆ ವಯಸ್ಸಿನೊಳಗೇ ನಿಂತು ಆ ವಯಸ್ಸಿನ ಬಗ್ಗೆ ಬರೆದಿದ್ದು. ನಾವೆಲ್ಲ ಓದಿ ಬೆಳೆದ ದಾರಿ ಬೇರೆ. ಬಾಲಮಂಗಳ, ಚಂದಮಾಮ ಮುಗಿದ ಕೂಡಲೇ ನೇರವಾಗಿ ತೇಜಸ್ವಿ, ಭೈರಪ್ಪ. ಒಳ್ಳೇ ಜಿಗಿತವೇ, ದೂರಿಲ್ಲ. ಆದರೆ ನಡುವಿನ ಮೆಟ್ಟಿಲಲ್ಲಿ, ನಮ್ಮದೇ ವಯಸ್ಸಿನ ಯಾರಾದ್ರೂ ನಮ್ಮದೇ ದನಿಯಲ್ಲಿ ಮಾತಾಡಿದ್ದು ಕಡಿಮೆ. ಆ ಜಾಗವನ್ನ ಸಿನಿಮಾ ತುಂಬಿತು. 2006ರ ಕೊನೆಯಲ್ಲಿ 'ಮುಂಗಾರು ಮಳೆ' ಬಂದಾಗ ಪಿಯುಸಿ, ಡಿಗ್ರಿಯಲ್ಲಿದ್ದೋರಿಗೆಲ್ಲ ಗೊತ್ತು, ಪ್ರೀತಿ ಸಿಗದ ನೋವು ಅಂದ್ರೆ ಮಳೆಯಲ್ಲಿ ನೆನೆಯೋ ಹುಡುಗ. ಜೊತೆಗಿದ್ದ ಮೊಲದ ಹೆಸರೂ ದೇವದಾಸ! ನಾನೂ ಅದನ್ನ ಎಷ್ಟು ಸಲ ನೋಡಿದ್ದೀನೋ ಲೆಕ್ಕ ಇಲ್ಲ. ಆದರೆ ನಮ್ಮ ದೇವದಾಸರೆಲ್ಲ ಹುಡುಗರು. ಹುಡುಗಿ ಕೂತು, ಲೆಕ್ಕ ಇಟ್ಟು, ಕೋಪದಲ್ಲಿ, ನಗಿಸ್ತಾ, ಅಳ್ತಾ 'ನನಗೆ ಏನಾಯ್ತು ಅಂದ್ರೆ' ಅಂತ ಹೇಳೋದನ್ನ ನಾವು ಕೇಳಿದ್ದು ಕಡಿಮೆ.

ಬೇಜಾರು ಅನ್ನೋ ಪದ

ಎರಡನೇ ಉತ್ತರ ಮನೆಯದು. ನಮ್ಮ ಅಕ್ಕನ ಕುಟುಂಬ ಹೈದರಾಬಾದಿನಲ್ಲಿದೆ. ಅವಳ ಮಗಳು ಕಳೆದ ವರ್ಷ ಇಂಟರ್ ಮೊದಲ ವರ್ಷದಲ್ಲಿದ್ದಳು, ನಮ್ಮ ಪಿಯುಸಿಗೆ ಅಲ್ಲಿ ಇಂಟರ್ ಅಂತಾರೆ. ಅವಳನ್ನ ಕೇಳಿ, ಅವಳು ಹೂಂ ಅಂದ ಮೇಲೇ ಇದನ್ನ ಹೇಳ್ತಿದ್ದೀನಿ. ಒಂದು ತಿಂಗಳು ಹುಡುಗಿ ಮಾತು ನಿಲ್ಲಿಸಿಬಿಟ್ಟಳು. ಊಟ ಅರ್ಧ. ಏನಾಯ್ತೇ ಅಂತ ಕೇಳಿದ್ರೆ ಒಂದೇ ಉತ್ತರ, 'ಬೇಜಾರು.'

ಕನ್ನಡದಲ್ಲಿ ಈ ಬೇಜಾರು ಅನ್ನೋ ಪದ ಎಷ್ಟು ಕೆಲಸ ಮಾಡುತ್ತೆ ನೋಡಿ. ಕರೆಂಟ್ ಹೋದ್ರೆ ಬೇಜಾರು, ಸಿನಿಮಾ ಚೆನ್ನಾಗಿಲ್ಲದಿದ್ರೆ ಬೇಜಾರು, ಭಾನುವಾರ ಸಂಜೆ ಬೇಜಾರು, ಎದೆ ಒಡೆದ್ರೂ ಬೇಜಾರು. ಅಕ್ಕನಿಗೆ ಕೇಳಿಸಿದ್ದು ಭಾನುವಾರ ಸಂಜೆಯದು. 'ಬೇಜಾರಾದ್ರೆ ಸ್ವಲ್ಪ ಹೊತ್ತು ಟೆರೇಸ್ ಮೇಲೆ ಓಡಾಡು ಪುಟ್ಟಿ' ಅಂದಳು. ತಪ್ಪೇನಲ್ಲ, ಯಾವ ತಾಯಿಯಾದ್ರೂ ಹಾಗೇ ಅನ್ನೋದು.

ಊರು ಬಿಟ್ಟು ಬಂದ ಮನೆಗಳಲ್ಲಿ ಇದು ಎಲ್ಲ ಕಡೆ ಇದೆ ಅಂತ ನನಗನ್ಸುತ್ತೆ. ನಮ್ಮ ಮಕ್ಕಳಿಗೆ ಕನ್ನಡ ಬರುತ್ತೆ ಅಂತ ಹೆಮ್ಮೆಯಿಂದ ಹೇಳ್ತೀವಿ. ಯಾವ ಕನ್ನಡ? ಊಟ ಆಯ್ತಾ, ಹಲ್ಲುಜ್ಜು, ಲೇಟಾಯ್ತು, ಅಜ್ಜಿ ಜೊತೆ ಮಾತಾಡು. ಅಡುಗೆಮನೆಯ ಕನ್ನಡ, ಆಜ್ಞೆಯ ಕನ್ನಡ. ಅವರು ಗೆಳೆಯರ ಜೊತೆ ನಗೋದು, ಜಗಳ ಆಡೋದು, ಪ್ರೀತಿಸೋದು, ಅಳೋದೆಲ್ಲ ತೆಲುಗಲ್ಲೋ ಹಿಂದಿಯಲ್ಲೋ ತಮಿಳಲ್ಲೋ ಇಂಗ್ಲಿಷಲ್ಲೋ. ಸಂಕಟ, ಕಸಿವಿಸಿ, ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗೋದು, ಕರುಳು ಚುರ್ ಅನ್ನೋದು, ಇಂಥ ಮಾತು ಅವರ ಕಿವಿಗೆ ಬೀಳೋದೇ ಅಪರೂಪ. ಹಾಗಾಗಿ ಮನಸ್ಸು ಮುರಿದಾಗ ಅಮ್ಮನ ಹತ್ತಿರ ಹೇಳೋಕೆ ಆ ಮಗುವಿನ ಕೈಯಲ್ಲಿ ಉಳಿದಿರೋದು ಒಂದೇ ನಾಣ್ಯ. ಬೇಜಾರು. ಅದನ್ನ ಕೊಟ್ಟಳು. ಚಿಲ್ಲರೆ ಸಿಗಲಿಲ್ಲ.

ಆ ದಸರಾ ರಜೆಗೆ ನಾನು ಹೋಗುವಾಗ ಈ ಪುಸ್ತಕ ಬ್ಯಾಗಲ್ಲಿತ್ತು, ಅವಳಿಗೆ ಕೊಟ್ಟು ಬಂದೆ. ಉಪದೇಶ ಏನೂ ಮಾಡಲಿಲ್ಲ. ಎರಡು ದಿನದಲ್ಲಿ ಓದಿ ಮುಗಿಸಿದಳಂತೆ. ಆಮೇಲೆ ನಡೆದಿದ್ದು ಅಕ್ಕ ಫೋನಲ್ಲಿ ಹೇಳಿದ್ದು. ಅಕ್ಕ ಇಂಗ್ಲಿಷ್ ಕಾದಂಬರಿ ಓದೋಳಲ್ಲ. ಪುಸ್ತಕ ಸೋಫಾ ಮೇಲೆ ಬಿದ್ದಿತ್ತು, ಸುಮ್ನೆ ಚಿತ್ರ ತಿರುವಿ ಹಾಕಿದ್ದಾಳೆ. 'ಇದೇನೇ ಪುಟ್ಟಿ ಇದು, ಮೊಟ್ಟೆ ಚೌಕ ಮಾಡೋ ಮೆಷಿನ್ನಾ? ಯಾರಿಗೆ ಬೇಕೇ ಚೌಕದ ಮೊಟ್ಟೆ?' ಅಂತ ಕೇಳಿದ್ದಾಳೆ. ಮಗಳು ನಕ್ಕುಬಿಟ್ಟಳಂತೆ. ಒಂದು ತಿಂಗಳಲ್ಲಿ ಮೊದಲ ನಗು. ಆ ಚಿತ್ರದ ಕತೆ ಹೇಳಿದಳು. ಆಮೇಲೆ ಮುಂದಿನ ಚಿತ್ರದ್ದು. ಹೇಳ್ತಾ ಹೇಳ್ತಾ, 'ಅಮ್ಮ, ನನ್ನತ್ರಾನೂ ಒಂದು ಬಾಕ್ಸ್ ಇದೆ' ಅಂದಳು.

ಹಳೇ ಶೂ ಬಾಕ್ಸು. ಒಳಗೇನಿತ್ತು ಅನ್ನೋದು ಅವಳದ್ದು, ನಾನು ಹೇಳಲ್ಲ. ಅಕ್ಕ ಒಂದೊಂದೇ ಸಾಮಾನು ಎತ್ತಿ 'ಇದು ಎಲ್ಲಿಂದ ಬಂತು?' ಅಂತ ಕೇಳಿದಳು, ಅವಳು ಹೇಳಿದಳು. ಅರ್ಧ ಕನ್ನಡ, ಅರ್ಧ ತೆಲುಗು-ಇಂಗ್ಲಿಷ್. ಅದರಲ್ಲಿ ಒಬ್ಬ ಹುಡುಗನ ಕತೆ ಇತ್ತು. ಅದಕ್ಕಿಂತ ಉದ್ದದ ಕತೆ ಎಂಟನೇ ಕ್ಲಾಸಿಂದ ಜೊತೆಗಿದ್ದ ಒಬ್ಬ ಗೆಳತಿಯದ್ದು. ಆ ಹುಡುಗನ ಗಲಾಟೆಯಲ್ಲಿ ಈ ಗೆಳತಿ ದೂರ ಆಗಿದ್ದಳು. ಅವಳು ಹೆಚ್ಚು ಅತ್ತಿದ್ದು ಆ ಗೆಳತಿಗೆ ಅಂತ ಅಕ್ಕ ಹೇಳಿದಾಗ ನನಗೆ ಆಲ್‌ನ ಟ್ರಕ್ಕು ನೆನಪಾಯ್ತು.

ಇದರಿಂದ ಎಲ್ಲ ಸರಿಹೋಯ್ತು ಅಂತ ನಾನು ಹೇಳಲ್ಲ. ಅವಳು ಇನ್ನೂ ಕೆಲವು ದಿನ ಸುಮ್ಮನಿರ್ತಾಳೆ. ಗೆಳತಿ ಜೊತೆ ಮಾತು ಶುರುವಾಗಿದೆ, ಮೊದಲಿನ ಹಾಗಿಲ್ಲ. ಆದರೆ ಅಮ್ಮನಿಗೆ ಈಗ ಗೊತ್ತಿದೆ, ಈ ಬೇಜಾರು ಯಾವ ಬೇಜಾರು ಅಂತ. ಅದು ಸಣ್ಣ ವಿಷಯ ಅಲ್ಲ.

ಈ ಕಾದಂಬರಿಯಿಂದ ನಾನು ಕಲಿತ ಒಂದು ಉಪಾಯ ಅಂದ್ರೆ ಇದೇ. 'ಏನಾಯ್ತು' ಅಂತ ಕೇಳಿದ್ರೆ ಬಾಯಿ ಮುಚ್ಚುತ್ತೆ. 'ನಿನಗೆ ಏನನ್ಸುತ್ತೆ' ಅಂದ್ರೆ ಇನ್ನೂ ಗಟ್ಟಿ ಮುಚ್ಚುತ್ತೆ. 'ಇದು ಎಲ್ಲಿಂದ ಬಂತು' ಅಂತ ಒಂದು ಕೀ ಚೈನ್ ತೋರಿಸಿ ಕೇಳಿದ್ರೆ, ಆ ಕೀ ಚೈನ್ ಹಿಡ್ಕೊಂಡು ಕತೆ ಬರುತ್ತೆ. ಭಾವನೆಗೆ ಪದ ಬೇಕು, ವಸ್ತುವಿಗೆ ಬೆರಳು ತೋರಿಸಿದ್ರೆ ಸಾಕು. ಅಷ್ಟು ಕನ್ನಡ ನಮ್ಮ ಎಲ್ಲ ಮಕ್ಕಳಿಗೂ ಬರುತ್ತೆ.

ಓದೋ ಮುಂಚೆ ಕೆಲವು ಮಾತು

ಪುಸ್ತಕಕ್ಕೆ ಕೊರತೆಗಳೂ ಇವೆ. ಎಡ್ ನಮಗೆ ಸಿಗೋದು ಪೂರ್ತಿ ಮಿನ್‌ನ ಕೋಪದ ಕನ್ನಡಕದಲ್ಲಿ. ಅವನ ಅಕ್ಕ ಜೋನ್ ಪಾತ್ರ ಬಹಳ ಚೆನ್ನಾಗಿದೆ, ಅವಳ ಕಡೆಯಿಂದ ಅವನನ್ನ ಇನ್ನಷ್ಟು ನೋಡಬಹುದಿತ್ತು ಅನ್ಸುತ್ತೆ. ಇಲ್ಲದ ಸಿನಿಮಾಗಳ ವಿವರ ಕೆಲವು ಕಡೆ ಅತಿಯಾಗುತ್ತೆ, ಐದನೇ ಸಲ ಹೊಸ ಸಿನಿಮಾ ಹೆಸರು ಬಂದಾಗ ಪುಟ ಹಾರಿಸೋಣ ಅನ್ಸಬಹುದು. ಪುಸ್ತಕ ಬಂದಾಗ ಲೇಖಕರಿಗೆ 40 ದಾಟಿತ್ತು, ಗಂಡಸು ಬೇರೆ. ಇದು ನಿಜವಾಗಿ ಹುಡುಗಿಯ ದನಿಯೇ ಅಂತ ಕೇಳೋ ಹಕ್ಕು ಓದುಗರಿಗಿದೆ, ಅದರಲ್ಲೂ ಓದುಗಿಯರಿಗೆ. ನನ್ನ ಅಕ್ಕನ ಮಗಳ ತೀರ್ಪು ಹೇಳ್ತೀನಿ: 'ಮಾಮ, ಅವಳು ನನಗಿಂತ ಜಾಸ್ತಿ ಮಾತಾಡ್ತಾಳೆ, ಆದ್ರೆ ಸುಳ್ಳು ಹೇಳಲ್ಲ.'

ಪೋಷಕರಿಗೆ ಒಂದು ಸೂಚನೆ. ಪುಸ್ತಕದಲ್ಲಿ ಹುಡುಗರು ಕುಡೀತಾರೆ, ದೈಹಿಕ ಸಂಬಂಧದ ವಿಷಯವೂ ಬರುತ್ತೆ. ಅಸಹ್ಯ ಇಲ್ಲ, ಆದರೆ ಮುಚ್ಚುಮರೆಯೂ ಇಲ್ಲ. ಹತ್ತು ವರ್ಷದ ಮಗುವಿಗೆ ಕೊಡಬೇಡಿ. ಹದಿನಾರು-ಹದಿನೇಳರವರಿಗೆ ಕೊಡೋದಾದ್ರೆ ಮೊದಲು ನೀವು ಓದಿ. ಇನ್ನೊಂದು, ಆದಷ್ಟೂ ಕಾಗದದ ಪುಸ್ತಕವೇ ತಗೊಳ್ಳಿ. ಭಾರ ಜಾಸ್ತಿ, ಬೆಲೆಯೂ ಸ್ವಲ್ಪ ಜಾಸ್ತಿ ಇರಬಹುದು, ಆದರೆ ಬಣ್ಣದ ಆ ಚಿತ್ರಗಳನ್ನ ಕಪ್ಪು-ಬಿಳುಪು ರೀಡರ್‌ನಲ್ಲಿ ನೋಡಿದ್ರೆ ಅರ್ಧ ಪುಸ್ತಕ ಹೋದ ಹಾಗೆ. ಸೋಫಾ ಮೇಲೆ ಬಿದ್ದಿರೋ ಪುಸ್ತಕವನ್ನ ಮನೆಯಲ್ಲಿ ಯಾರು ಬೇಕಾದ್ರೂ ತಿರುವಿ ಹಾಕಬಹುದು. ಫೋನಲ್ಲಿರೋ ಪುಸ್ತಕಕ್ಕೆ ಆ ಭಾಗ್ಯ ಇಲ್ಲ.

ಕೊನೆಯದಾಗಿ. ಹದಿಹರೆಯದ ಪ್ರೀತಿ ಸರಿಯೋ ತಪ್ಪೋ ಅಂತ ಈ ಪುಸ್ತಕ ತೀರ್ಪು ಕೊಡಲ್ಲ. ಮಿನ್ ತನ್ನ ಪತ್ರದ ಮೊದಲಲ್ಲೇ ಒಪ್ಪಿಕೊಳ್ತಾಳೆ, ಪ್ರೀತಿಸಿದ್ದು ನಿಜ ಅಂತ. ಅದನ್ನ ಒಪ್ಪಿಕೊಂಡ ಮೇಲೇ ಪೆಟ್ಟಿಗೆ ತೆರೆಯೋದು. ಆ ಕ್ರಮ ನನಗೆ ಮುಖ್ಯ ಅನ್ಸುತ್ತೆ. ನಮ್ಮ ಮನೆಗಳಲ್ಲಿ ನಾವು ಉಲ್ಟಾ ಮಾಡ್ತೀವಿ, ಮೊದಲು ತೀರ್ಪು, ಆಮೇಲೆ ವಿಚಾರಣೆ. ಮಕ್ಕಳು ಪೆಟ್ಟಿಗೆಯನ್ನ ಶೂಗಳ ಕೆಳಗೆ ಇನ್ನೂ ಆಳಕ್ಕೆ ತಳ್ಳಿಬಿಡ್ತಾರೆ.

ಮನೆಯಲ್ಲಿ ಆ ವಯಸ್ಸಿನೋರು ಇದ್ರೆ, ಈ ಪುಸ್ತಕ ಇರಲಿ, ಬೇರೆ ಯಾವುದೇ ಇರಲಿ, ಅವರು ಓದ್ತಿರೋದನ್ನ ಒಂದು ಸಲ ನೀವೂ ಓದಿ. ಅವರು ಮಾತಾಡೋಕೆ ಶುರು ಮಾಡಿದಾಗ ಸಲಹೆ ಕೊಡೋ ಕೈಯನ್ನ ಸ್ಟೀರಿಂಗ್ ಮೇಲೆ ಇಟ್ಕೊಳ್ಳಿ. ಗಾಡಿ ಓಡಿಸಿ, ಕೇಳಿಸಿಕೊಳ್ಳಿ, ಅಷ್ಟು ಸಾಕು.